ಮಸ್ಕಿಯ ಬಂಡೆ, ಅಂಕಾರಾದ ಗೋಡೆ

ಹಟ್ಟಿಯ ಚಿನ್ನದ ಗಣಿಗೂ ಮಸ್ಕಿಯ ಅಶೋಕ ಶಾಸನಕ್ಕೂ ಒಂದು ನಂಟಿದೆ. 1915ರ ಜನವರಿಯಲ್ಲಿ ಆ ಶಾಸನವನ್ನು ಮೊದಲು ಗುರುತಿಸಿದವನು ಇತಿಹಾಸಕಾರನಲ್ಲ. ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಈ ಸೀಮೆ ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಶಾಸನವನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೇಶದ ಬಂಡೆ ಕಂಬಗಳ ಮೇಲೆ 'ದೇವಾನಾಂಪ್ರಿಯ' ಎಂಬಂಥ ಬಿರುದುಗಳಿಂದ ಮಾತ್ರ ಕರೆದುಕೊಳ್ಳುತ್ತಿದ್ದ ದೊರೆ ಮಸ್ಕಿಯಲ್ಲಿ ಅಶೋಕ ಎಂಬ ಸ್ವಂತ ಹೆಸರಿನಿಂದ ಕಾಣಿಸಿಕೊಂಡ. ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಮಸ್ಕಿಗೆ ಸಿಗುವ ಒಂದೂವರೆ ಸಾಲಿನ ಕೀರ್ತಿ ಇಷ್ಟೇ. ಆ ಬಂಡೆಯ ಮೇಲೆ ಹೆಸರಲ್ಲದೆ ಇನ್ನೇನಿದೆ ಎಂದು ಕೇಳುವವರು ಕಡಿಮೆ.

ಇನ್ನೊಂದು ಕಲ್ಲಿನ ಬರಹವನ್ನು ಓದುವಾಗ ಮಸ್ಕಿಯ ಈ ಬಂಡೆ ನಮಗೆ ಮತ್ತೆ ಮತ್ತೆ ನೆನಪಾಯಿತು. ಅದು ಇರುವುದು ತುರ್ಕಿಯ ಅಂಕಾರಾದಲ್ಲಿ. ಅಲ್ಲಿ ಹಾಜಿ ಬೈರಾಮ್ ವಲಿ ಎಂಬ ಸೂಫಿಯ ಹೆಸರಿನ ಹದಿನೈದನೆಯ ಶತಮಾನದ ಮಸೀದಿಯೊಂದಿದೆ. ಅದಕ್ಕೆ ಅಂಟಿಕೊಂಡೇ ಹಳೆಯ ರೋಮನ್ ಗುಡಿಯೊಂದರ ಗೋಡೆಗಳು ನಿಂತಿವೆ. ಆ ಗೋಡೆಗಳ ಮೇಲೆ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ತನ್ನ ಬದುಕಿನ ಸಾಧನೆಗಳನ್ನು ತಾನೇ ಹೇಳಿಕೊಂಡಿದ್ದಾನೆ. ಕ್ರಿ.ಶ. 14ರಲ್ಲಿ ಅವನು ಸತ್ತಾಗ ಈ ಬರಹವನ್ನು ರೋಮಿನಲ್ಲಿ ಅವನ ಸಮಾಧಿಯ ಮುಂದೆ ಕಂಚಿನ ಮೇಲೆ ಕೊರೆಸಬೇಕೆಂಬುದು ಅವನ ಇಚ್ಛೆಯಾಗಿತ್ತು. ಆ ಕಂಚು ಇಂದು ಉಳಿದಿಲ್ಲ. ರಾಜಧಾನಿಯಿಂದ ದೂರದ ಒಂದು ಪ್ರಾಂತ್ಯದಲ್ಲಿ, ಗುಡಿಯಾಗಿ ಕಟ್ಟಿ ಆಮೇಲೆ ಮಸೀದಿಯ ನೆರೆಯಾದ ಗೋಡೆಯ ಮೇಲೆ ಪ್ರತಿ ಉಳಿದಿದೆ. 1555ರಲ್ಲಿ ಸುಲ್ತಾನ್ ಸುಲೇಮಾನನ ಬಳಿಗೆ ಬಂದ ಯುರೋಪಿನ ರಾಯಭಾರಿ ಬುಸ್ಬೆಕ್‌ನ ಮೂಲಕ ಅದು ಪಶ್ಚಿಮದ ವಿದ್ವಾಂಸರಿಗೆ ತಿಳಿಯಿತು.

ರೋಮ್ ಗಣರಾಜ್ಯ ಹೇಗೆ ಸಾಮ್ರಾಜ್ಯವಾಯಿತು ಎಂಬ ಪ್ರಶ್ನೆಗೆ ಸಾವಿರಾರು ಪುಟಗಳ ಉತ್ತರಗಳಿವೆ. ನಾವು ಈ ಒಂದು ಬರಹವನ್ನು ಹಿಡಿದು ನೋಡಲು ಬಯಸುತ್ತೇವೆ. ಗಣರಾಜ್ಯವನ್ನು ಮುಗಿಸಿದವನೇ ಬರೆದ ವರದಿ ಇದು. ಇದರಲ್ಲಿ ಗಣರಾಜ್ಯ ಮುಗಿಯಿತು ಎಂಬ ಮಾತೇ ಇಲ್ಲ ಎನ್ನುವುದು ಇದರ ವಿಶೇಷ.

ಬರಹದ ಮೊದಲ ಮಾತೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾನು ಸ್ವಂತ ನಿರ್ಧಾರದಿಂದ, ಸ್ವಂತ ಖರ್ಚಿನಲ್ಲಿ ಸೈನ್ಯ ಕಟ್ಟಿ, ಒಂದು ಗುಂಪಿನ ದಬ್ಬಾಳಿಕೆಗೆ ಸಿಕ್ಕಿದ್ದ ಗಣರಾಜ್ಯವನ್ನು ಬಿಡಿಸಿದೆ ಎಂದು ಅವನು ಹೇಳಿಕೊಳ್ಳುತ್ತಾನೆ. ಹತ್ತೊಂಬತ್ತರ ಹುಡುಗನೊಬ್ಬ ಯಾವ ಅಧಿಕಾರವೂ ಇಲ್ಲದೆ ಖಾಸಗಿ ಸೈನ್ಯ ಕಟ್ಟುವುದಕ್ಕೆ ಯಾವ ಕಾನೂನಿನಲ್ಲಾದರೂ ಹೆಸರೊಂದಿದೆ. ಆದರೆ ಕಾನೂನನ್ನು ಮುರಿದ ಕೆಲಸವೇ ಇಲ್ಲಿ ಕಾನೂನನ್ನು ಕಾಪಾಡಿದ ಕೆಲಸವಾಗಿ ಬರುತ್ತದೆ. ಅದೂ ಮೊದಲ ವಾಕ್ಯದಲ್ಲಿ, ಯಾವ ಅಳುಕೂ ಇಲ್ಲದೆ.

ದಬ್ಬಾಳಿಕೆ ಮಾಡಿದ ಆ ಗುಂಪು ಯಾರದು? ಹೆಸರಿಲ್ಲ. ತಂದೆಯನ್ನು ಕೊಂದವರನ್ನು ಗಡೀಪಾರು ಮಾಡಿಸಿ ಯುದ್ಧದಲ್ಲಿ ಸೋಲಿಸಿದೆ ಎನ್ನುತ್ತಾನೆ, ಬ್ರೂಟಸ್ ಮತ್ತು ಕ್ಯಾಸಿಯಸ್ ಎಂಬ ಹೆಸರುಗಳಿಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಧಿಕಾರ ಹಂಚಿಕೊಂಡು, ಕೊನೆಗೆ ಶತ್ರುವಾದ ಆಂಟನಿಯ ಹೆಸರೂ ಇಲ್ಲ. ಕ್ರಿ.ಪೂ. 43ರಲ್ಲಿ ಇವನೂ ಆಂಟನಿಯೂ ಲೆಪಿಡಸನೂ ಸೇರಿ ಕೊಲ್ಲಬೇಕಾದವರ ಪಟ್ಟಿಗಳನ್ನು ರೋಮಿನಲ್ಲಿ ಅಂಟಿಸಿದ್ದರು. ಪಟ್ಟಿಯಲ್ಲಿದ್ದ ಸಿಸೆರೊನ ತಲೆ ಮತ್ತು ಕೈಗಳನ್ನು ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ಇರಿಸಲಾಯಿತು. ಈ ಪಟ್ಟಿಯ ಒಂದು ಅಕ್ಷರವೂ ಅಂಕಾರಾದ ಗೋಡೆಯ ಮೇಲಿಲ್ಲ. ಜನರಿಗೆ ಹಂಚಿದ ಹಣದ ಲೆಕ್ಕವಿದೆ. ಒಮ್ಮೆಯೂ ಎರಡೂವರೆ ಲಕ್ಷಕ್ಕಿಂತ ಕಡಿಮೆ ಜನರಿಗೆ ಕೊಟ್ಟಿಲ್ಲ ಎಂದು ಹೇಳಿಕೊಂಡ ಹಂಚಿಕೆಗಳು ಅವು. ಎಂಟು ಬಾರಿ ಏರ್ಪಡಿಸಿದ ಖಡ್ಗಮಲ್ಲರ ಪಂದ್ಯಗಳಲ್ಲಿ ಸುಮಾರು ಹತ್ತು ಸಾವಿರ ಜನ ಕಾದಾಡಿದರೆಂಬ ಲೆಕ್ಕವಿದೆ. ಇಪ್ಪತ್ತಾರು ಬೇಟೆಯ ಪ್ರದರ್ಶನಗಳಲ್ಲಿ ಸತ್ತ ಸುಮಾರು 3,500 ಪ್ರಾಣಿಗಳ ಲೆಕ್ಕವೂ ಇದೆ. ಪಟ್ಟಿ ಹಾಕಿ ಕೊಂದ ಪ್ರಜೆಗಳ ಲೆಕ್ಕ ಮಾತ್ರ ಇಲ್ಲ.

ಕನ್ನಡದ ಓದುಗರಿಗೆ ರೋಮಿನ ಈ ಕತೆ ಬಂದದ್ದು ಹೆಚ್ಚಾಗಿ ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದ ದಾರಿಯಿಂದ. ಕಾಲೇಜಿನಲ್ಲಿ ಓದಿದವರು ಆಂಟನಿಯ ಭಾಷಣವನ್ನು ಬಾಯಿಪಾಠ ಮಾಡಿದವರೇ. ನಾಟಕ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ನಮ್ಮ ತಲೆಯಲ್ಲಿ ಒಂದು ತಪ್ಪು ಚಿತ್ರವನ್ನು ಊರಿಬಿಟ್ಟಿದೆ. ಒಬ್ಬ ಮಹತ್ವಾಕಾಂಕ್ಷಿ ಇದ್ದ, ಗಣರಾಜ್ಯವನ್ನು ಪ್ರೀತಿಸುವ ಒಬ್ಬ ಸಜ್ಜನ ಅವನನ್ನು ಕೊಂದ, ಸಜ್ಜನನೂ ಸತ್ತ, ಗಣರಾಜ್ಯವೂ ಹೋಯಿತು ಎಂಬ ಚಿತ್ರ ಅದು. ಈ ಸಜ್ಜನ ಬ್ರೂಟಸ್ ಸೈಪ್ರಸ್ ದ್ವೀಪದ ಸಲಾಮಿಸ್ ಎಂಬ ಊರಿಗೆ ಬೇನಾಮಿಯಾಗಿ ಸಾಲ ಕೊಟ್ಟಿದ್ದ. ಬಡ್ಡಿ ವರ್ಷಕ್ಕೆ ಶೇಕಡಾ 48. ಅಲ್ಲಿಯ ರಾಜ್ಯಪಾಲನಾಗಿದ್ದ ಸಿಸೆರೊ ತಾನು ನಿಗದಿ ಮಾಡಿದ್ದ ಶೇಕಡಾ 12ರ ಮಿತಿಯನ್ನು ಮೀರಲಾರದೆ, ಗೆಳೆಯನನ್ನು ಬಿಟ್ಟುಕೊಡಲೂ ಆರದೆ ಪತ್ರಗಳಲ್ಲಿ ಗೋಳಾಡಿದ್ದಾನೆ. ಸಾಲ ವಸೂಲಿಗೆ ಹೋದ ಬ್ರೂಟಸನ ಕಡೆಯವನು ಕುದುರೆ ಸವಾರರನ್ನು ಕರೆದುಕೊಂಡು ಹೋಗಿ ಊರಿನ ಸಭಾಸದರನ್ನು ಸಭಾಮನೆಯಲ್ಲೇ ಕೂಡಿಹಾಕಿದ. ಅವರಲ್ಲಿ ಐವರು ಹಸಿವಿನಿಂದ ಸತ್ತರು. ಬಡ್ಡಿ ವ್ಯಾಪಾರದ ರುಚಿ ಗೊತ್ತಿರುವ ರಾಯಚೂರು ಜಿಲ್ಲೆಯ ರೈತನಿಗೆ ಈ ಬ್ರೂಟಸನನ್ನು ಪರಿಚಯಿಸಿದರೆ, ಅವನು ಶೇಕ್ಸ್‌ಪಿಯರನ ಬ್ರೂಟಸನನ್ನು ಅಷ್ಟು ಸುಲಭವಾಗಿ ನಂಬಲಾರ.

ರೋಮಿನ ಗಣರಾಜ್ಯ ಎಲ್ಲರ ರಾಜ್ಯವಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹಣವಂತರ ಮತಕ್ಕೆ ಹೆಚ್ಚು ತೂಕ ಬರುವಂತೆ ಅಲ್ಲಿಯ ಮತದಾನವನ್ನು ಏರ್ಪಡಿಸಲಾಗಿತ್ತು. ಹೆಂಗಸರಿಗೆ ಮತವಿರಲಿಲ್ಲ, ಗುಲಾಮರಿಗೆ ಏನೂ ಇರಲಿಲ್ಲ. ಸ್ಪೇನಿನ ಹೊಸ ಕಾರ್ತೇಜ್ ಬಳಿಯ ಬೆಳ್ಳಿ ಗಣಿಗಳಲ್ಲಿ 40,000 ಜನ ದುಡಿಯುತ್ತಿದ್ದರೆಂದೂ, ಅದರಿಂದ ರೋಮಿಗೆ ದಿನಕ್ಕೆ 25,000 ದ್ರಾಕ್ಮಾ ಬರುತ್ತಿತ್ತೆಂದೂ ಪಾಲಿಬಿಯಸ್ ಬರೆದದ್ದಾಗಿ ತಿಳಿದುಬರುತ್ತದೆ. ಹಟ್ಟಿಯಲ್ಲಿ ನಿಂತು ಈ ಲೆಕ್ಕ ಓದುವುದು ಬೇರೆಯೇ ಅನುಭವ. ಇಲ್ಲಿಯೂ ಆಧುನಿಕ ಯಂತ್ರಗಳು ಬರುವುದಕ್ಕೆ ಬಹಳ ಮೊದಲೇ ಜನ 600 ಅಡಿಗಳಿಗೂ ಆಳಕ್ಕೆ ಇಳಿದು ಬಂಡೆ ಒಡೆದಿದ್ದರು. ಆ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಅಂದರೆ ಹೆಚ್ಚುಕಡಿಮೆ ಅಗಸ್ಟಸನ ಕಾಲ. ದೀಪದೆಣ್ಣೆಯ ಹೊಗೆಯಲ್ಲಿ ಅಷ್ಟು ಆಳಕ್ಕೆ ಇಳಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಸ್ಪೇನಿನವರದೂ ಇಲ್ಲ, ಹಟ್ಟಿಯವರದೂ ಇಲ್ಲ.

ಹಾಗಾದರೆ ಆ ಗಣರಾಜ್ಯ ಕೆಟ್ಟದ್ದು ಎಲ್ಲಿಂದ? ನಮ್ಮ ಓದಿನ ಪ್ರಕಾರ ಸೀಸರನಿಂದಲ್ಲ. ವರ್ಷಗಟ್ಟಲೆ ಹೊರದೇಶದ ಯುದ್ಧಗಳಲ್ಲಿದ್ದ ಸಣ್ಣ ಹಿಡುವಳಿದಾರ ಮನೆಗೆ ಮರಳುವಷ್ಟರಲ್ಲಿ ಹೊಲ ಕೈಬಿಟ್ಟಿರುತ್ತಿತ್ತು. ಆ ಯುದ್ಧಗಳಿಂದಲೇ ಬಂದ ಗುಲಾಮರನ್ನು ಇಟ್ಟುಕೊಂಡು ದೊಡ್ಡವರು ಆ ಹೊಲಗಳನ್ನು ಸಾಗುವಳಿ ಮಾಡುತ್ತಿದ್ದರು. ಹೊಲ ಕಳೆದುಕೊಂಡವನು ರೋಮಿಗೆ ಗುಳೆ ಹೋದ. (ಗುಳೆ ಎಂಬ ಪದವನ್ನು ಲಿಂಗಸುಗೂರು, ಮಸ್ಕಿ ಕಡೆಯವರಿಗೆ ವಿವರಿಸಬೇಕಾಗಿಲ್ಲ.) ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್, ಅಂದರೆ ಜನಸಾಮಾನ್ಯರ ಪರವಾಗಿ ಆಯ್ಕೆಯಾದ ಅಧಿಕಾರಿ, ಸರ್ಕಾರಿ ಜಮೀನಿಗೆ ಮಿತಿ ಹಾಕಿ ಉಳಿದದ್ದನ್ನು ಬಡವರಿಗೆ ಹಂಚುವ ಕಾನೂನು ತಂದ. ಸೆನೆಟಿನ ಹಿರಿಯರು ಮುರಿದ ಬೆಂಚುಗಳ ಕಾಲು ಹಿಡಿದು ಬಂದು ಅವನನ್ನೂ ಅವನ ಮುನ್ನೂರು ಬೆಂಬಲಿಗರನ್ನೂ ಹೊಡೆದು ಕೊಂದರು. ಹೆಣಗಳನ್ನು ನದಿಗೆ ಎಸೆದರು. ಗಣರಾಜ್ಯದ ರಾಜಕೀಯದೊಳಗೆ ಮೊದಲ ರಕ್ತ ಹರಿಸಿದವರು ಅದರ ಕಾವಲುಗಾರರೆಂದು ಹೇಳಿಕೊಳ್ಳುತ್ತಿದ್ದವರೇ. ಹನ್ನೆರಡು ವರ್ಷಗಳ ನಂತರ ತಮ್ಮ ಗಾಯಸ್ ಗ್ರಾಕಸನಿಗೂ ಅದೇ ಗತಿಯಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕತೆ. ಕ್ರಿ.ಪೂ. 107ರಲ್ಲಿ ಮಾರಿಯಸ್ ಜಮೀನಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ನಿವೃತ್ತಿಯಾದ ಸಿಪಾಯಿಗೆ ಹೊಲ ಕೊಡುವ ವ್ಯವಸ್ಥೆಯನ್ನು ಸೆನೆಟ್ ಮಾಡಲಿಲ್ಲ. ಹೊಲ ಕೊಡಿಸುವವನು ದಳಪತಿ ಎಂದಾದ ಮೇಲೆ ಸಿಪಾಯಿಯ ನಿಷ್ಠೆಯೂ ದಳಪತಿಗೆ ಹೋಯಿತು. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸೈನ್ಯವನ್ನು ರೋಮಿನ ಮೇಲೆಯೇ ನಡೆಸಿದ. ಸೀಸರ್ ರೂಬಿಕಾನ್ ಹೊಳೆ ದಾಟಿದ್ದು ಕ್ರಿ.ಪೂ. 49ರಲ್ಲಿ, ಅಂದರೆ ದಾರಿ ತೆರೆದು ನಾಲ್ಕು ದಶಕಗಳಾದ ಮೇಲೆ. ಕ್ರಿ.ಪೂ. 44ರ ಮಾರ್ಚ್ 15ರಂದು ಅವನನ್ನು ಇರಿದವರು ಒಬ್ಬ ಮನುಷ್ಯನನ್ನು ಕೊಂದರು. ಹೊಲದ ಪ್ರಶ್ನೆ, ಸೈನ್ಯದ ಪ್ರಶ್ನೆ ಇದ್ದಲ್ಲೇ ಇದ್ದವು. ಶೇಕ್ಸ್‌ಪಿಯರನ ನಾಟಕದ ಅಂತ್ಯಕ್ಕೆ ಇನ್ನೂ ಹುಡುಗನಾಗಿರುವ ಆಕ್ಟೇವಿಯಸನೇ ಮುಂದೆ ಅಗಸ್ಟಸ್. ನಮ್ಮ ಪ್ರಶ್ನೆಗೆ ಉತ್ತರ ಶುರುವಾಗುವ ಹೊತ್ತಿಗೆ ನಾಟಕದ ಪರದೆ ಬಿದ್ದಿರುತ್ತದೆ.

ಕ್ರಿ.ಪೂ. 31ರಲ್ಲಿ ಆಕ್ಟಿಯಂ ಬಳಿಯ ಸಮುದ್ರಯುದ್ಧದಲ್ಲಿ ಆಂಟನಿಯನ್ನೂ ಕ್ಲಿಯೋಪಾತ್ರಳನ್ನೂ ಸೋಲಿಸಿದ ಮೇಲೆ ಆಕ್ಟೇವಿಯಸನಿಗೆ ಎದುರಾಳಿಗಳು ಉಳಿಯಲಿಲ್ಲ. ಕ್ರಿ.ಪೂ. 27ರ ಜನವರಿಯಲ್ಲಿ ಅವನು ಸೆನೆಟಿಗೆ ಬಂದು ಎಲ್ಲ ಅಧಿಕಾರವನ್ನೂ ಮರಳಿಸಿದ. ಅಂಕಾರಾದ ಗೋಡೆ ಇದನ್ನು ಹೆಮ್ಮೆಯಿಂದ ಹೇಳುತ್ತದೆ. ಎಲ್ಲರ ಒಪ್ಪಿಗೆಯಿಂದ ಎಲ್ಲವೂ ತನ್ನ ಕೈಯಲ್ಲಿದ್ದಾಗ ತಾನು ಗಣರಾಜ್ಯವನ್ನು ಸೆನೆಟಿನ ಮತ್ತು ರೋಮಿನ ಜನರ ಕೈಗೆ ಒಪ್ಪಿಸಿದೆ, ಆ ಬಳಿಕ ಗೌರವದಲ್ಲಿ ತಾನು ಎಲ್ಲರಿಗಿಂತ ಮೇಲಿದ್ದರೂ ಅಧಿಕಾರದಲ್ಲಿ ಜೊತೆಗಾರರಿಗಿಂತ ಹೆಚ್ಚಿನವನಾಗಿರಲಿಲ್ಲ ಎಂಬುದು ಅದರ ಸಾರ. ಗೋಡೆ ಹೇಳದೆ ಬಿಟ್ಟದ್ದೇನೆಂದರೆ, ಸೆನೆಟ್ ಕೂಡಲೇ ಹತ್ತು ವರ್ಷಗಳ ಅವಧಿಗೆ ಒಂದಷ್ಟು ಪ್ರಾಂತ್ಯಗಳನ್ನು ಅವನಿಗೇ ವಹಿಸಿತು, ಮತ್ತು ಸೈನ್ಯದ ಬಹುಪಾಲು ಇದ್ದದ್ದು ಆ ಪ್ರಾಂತ್ಯಗಳಲ್ಲಿ. ಅವಧಿ ಮುಗಿದಾಗ ನವೀಕರಣವಾಯಿತು, ಮತ್ತೆ ನವೀಕರಣವಾಯಿತು. ಕ್ರಿ.ಪೂ. 23ರಲ್ಲಿ ಟ್ರಿಬ್ಯೂನ್ ಪದವಿಯ ಅಧಿಕಾರವೂ ಅವನಿಗೆ ಸಿಕ್ಕಿತು. ಅವನು ಟ್ರಿಬ್ಯೂನ್ ಆಗಲಿಲ್ಲ, ಅದರ ಅಧಿಕಾರವನ್ನು ಮಾತ್ರ ಜೀವಮಾನಕ್ಕೆ ಪಡೆದ. ನೂರಹತ್ತು ವರ್ಷಗಳ ಹಿಂದೆ ಜಮೀನು ಹಂಚಲು ಹೊರಟು ಹತನಾದ ಗ್ರಾಕಸನ ಪದವಿ ಅದೇ ಆಗಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಹೀಗೆ ಯಾವ ಪದವಿಯೂ ರದ್ದಾಗಲಿಲ್ಲ. ಪ್ರತಿ ವರ್ಷ ಕಾನ್ಸಲ್‌ಗಳು ಬರುತ್ತಿದ್ದರು. ಸೆನೆಟ್ ಕೂಡುತ್ತಿತ್ತು, ಚರ್ಚಿಸುತ್ತಿತ್ತು, ಠರಾವು ಮಾಡುತ್ತಿತ್ತು. ರಾಜ ಎಂಬ ಪದವನ್ನು ರೋಮಿನ ಜನ ಹೇಸುತ್ತಿದ್ದರಾದ್ದರಿಂದ ಅಗಸ್ಟಸ್ ಅದನ್ನು ಮುಟ್ಟಲೂ ಇಲ್ಲ. ತನ್ನನ್ನು ಮೊದಲ ಪ್ರಜೆ ಎಂದು ಕರೆದುಕೊಂಡ.

ಎಲ್ಲವನ್ನೂ ಅವನ ಜಾಣತನದ ತಲೆಗೆ ಕಟ್ಟುವುದೂ ಸರಿಯಲ್ಲ. ಕ್ರಿ.ಪೂ. 22ರಲ್ಲಿ ರೋಮಿನಲ್ಲಿ ಧಾನ್ಯದ ಅಭಾವವಾದಾಗ ಜನ ಸೆನೆಟಿನ ಮನೆಗೆ ಮುತ್ತಿಗೆ ಹಾಕಿದರು. ಅಗಸ್ಟಸನನ್ನು ಸರ್ವಾಧಿಕಾರಿ ಮಾಡದಿದ್ದರೆ ಸದಸ್ಯರನ್ನು ಒಳಗಿಟ್ಟೇ ಸುಡುತ್ತೇವೆ ಎಂದು ಬೆದರಿಸಿದರು. ಅವನು ಬಟ್ಟೆ ಹರಿದುಕೊಂಡು ಬೇಡವೆಂದ. ಧಾನ್ಯ ಪೂರೈಕೆಯ ಹೊಣೆಯನ್ನು ಮಾತ್ರ ವಹಿಸಿಕೊಂಡ. ತಾನು ಸರ್ವಾಧಿಕಾರ ನಿರಾಕರಿಸಿದೆ ಎಂಬುದನ್ನು ಗೋಡೆಯ ಮೇಲೆ ಬರೆಸಿಯೂ ಕೊಂಡ. ನಮ್ಮನ್ನು ಕಾಡುವುದು ಅವನ ನಿರಾಕರಣೆಯಲ್ಲ, ಆ ಜನರ ಕೂಗು. ಒಂದು ಶತಮಾನ ಕಾಲ ತಮಗೆ ಹೊಲ ಕೊಡದ, ಅನ್ನ ಕೊಡದ, ಕೇಳಿದವರನ್ನು ಕೊಂದ ಸೆನೆಟಿನ ಗಣರಾಜ್ಯವನ್ನು ಅವರು ಏಕೆ ಕಾಯಬೇಕಿತ್ತು? ಪ್ರಜಾತಂತ್ರದ ಬಗ್ಗೆ ಬರೆಯುವ ನಮ್ಮಂಥವರು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಓಡಾಡುವುದೇ ಹೆಚ್ಚು.

ಗೋಡೆಯ ಮಾತಿಗೆ ಒಂದು ಸಾಕ್ಷಿ ನಮ್ಮ ನಾಡಿನ ಮಣ್ಣಿನಲ್ಲೇ ಇದೆ. ಭಾರತದ ರಾಜರಿಂದ ತನ್ನ ಬಳಿಗೆ ರಾಯಭಾರಿಗಳು ಆಗಾಗ ಬಂದರೆಂದು ಅಗಸ್ಟಸ್ ಹೇಳಿಕೊಂಡಿದ್ದಾನೆ. ಅವನ ನಾಣ್ಯಗಳಂತೂ ಇಲ್ಲಿಗೆ ಬಂದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಅವನವೂ ಅವನ ನಂತರದ ಟೈಬೀರಿಯಸನವೂ ಇವೆ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆ ಎಂದು ಪ್ಲಿನಿ ಮುಂದೆ ಹಲುಬಿದ್ದೂ ಇದೇ ವ್ಯಾಪಾರದ ಬಗ್ಗೆ. ಭಾರತದಲ್ಲಿ ಸಿಕ್ಕ ಅಗಸ್ಟಸನ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಒಂದು ಬದಿಯಲ್ಲಿ ಅಗಸ್ಟಸನ ಮುಖ, ಸುತ್ತ ದೇವರ ಮಗ ಮತ್ತು ನಾಡಿನ ತಂದೆ ಎಂಬ ಅರ್ಥದ ಬಿರುದುಗಳು. ಇನ್ನೊಂದು ಬದಿಯಲ್ಲಿ ಗುರಾಣಿ, ಭರ್ಜಿ ಹಿಡಿದು ನಿಂತ ಇಬ್ಬರು ಹುಡುಗರು. ಅವರು ಅವನ ಮಗಳ ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ಅವರನ್ನು ಅವನು ದತ್ತು ತೆಗೆದುಕೊಂಡಿದ್ದ. ಹದಿನೈದನೆಯ ವಯಸ್ಸಿಗೇ ಅವರನ್ನು ಮುಂದಿನ ಕಾನ್ಸಲ್‌ಗಳೆಂದು ಗೊತ್ತು ಮಾಡಲಾಗಿತ್ತು. ಗೋಡೆ ಇದನ್ನೂ ಹೇಳುತ್ತದೆ, ಆದರೆ ಸೆನೆಟ್ ಮತ್ತು ಜನ ತನ್ನ ಗೌರವಾರ್ಥ ಮಾಡಿದ ಕೆಲಸವೆಂದು ಹೇಳುತ್ತದೆ. ನಾಣ್ಯಕ್ಕೆ ಅಷ್ಟು ನಯವಾಗಿ ಮಾತಾಡಲು ಜಾಗವಿಲ್ಲ. ಅಜ್ಜ ಈ ಕಡೆ, ಮೊಮ್ಮಕ್ಕಳು ಆ ಕಡೆ. ಲ್ಯಾಟಿನ್ ಬಾರದ ಕನ್ನಡ ನಾಡಿನ ವ್ಯಾಪಾರಿಗೂ ಇದು ಒಂದು ಮನೆತನದ ರಾಜ್ಯ ಎಂದು ಅರ್ಥವಾಗಿರಬಹುದು. ಆ ಹುಡುಗರಿಬ್ಬರೂ ಅಜ್ಜನಿಗಿಂತ ಮೊದಲೇ ತೀರಿಕೊಂಡರು ಎಂಬುದು ಬೇರೆ ಮಾತು. ಕೊನೆಗೆ ಹೆಂಡತಿಯ ಮಗ ಟೈಬೀರಿಯಸನನ್ನು ದತ್ತು ತೆಗೆದುಕೊಂಡು ಪಟ್ಟ ಉಳಿಸಿದ.

ಹಳೆಯ ಹೆಸರಿನಡಿ ಹೊಸ ಯಜಮಾನಿಕೆ ನಡೆಸುವ ಈ ರೀತಿ ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಸೀಮೆಗೂ ಗೊತ್ತು. 1542ರಿಂದ ವಿಜಯನಗರದ ಶಾಸನಗಳು ಸದಾಶಿವರಾಯನ ಹೆಸರಿನಲ್ಲಿ ಬರುತ್ತವೆ, ರಾಜ್ಯ ಆಳಿದವನು ಅಳಿಯ ರಾಮರಾಯ. 1567ರಲ್ಲಿ ಅಲ್ಲಿಗೆ ಬಂದ ಇಟಲಿಯ ವ್ಯಾಪಾರಿ ಚೆಸಾರೆ ಫೆಡೆರಿಚಿ, ನಿಜವಾದ ರಾಜನನ್ನು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಜನರಿಗೆ ತೋರಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. (ಚೆಸಾರೆ ಎಂಬುದು ಸೀಸರನ ಹೆಸರೇ. ಅದೇ ನಮ್ಮ ಕೇರಿಗಳಲ್ಲಿ ಖೈಸರ್ ಆಗಿದೆ.) ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ' ನಾಟಕ 2018ರಲ್ಲಿ ಬಂದಾಗ, 1565ರ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಹೇಳುವ ಸುಲಭದ ಕತೆಯನ್ನು ಅದು ಪಕ್ಕಕ್ಕೆ ಸರಿಸಿತು. ಅದಕ್ಕಾಗಿ ನಾವು ಅವರಿಗೆ ಋಣಿಗಳು. ಆದರೆ ವಂಶದ ಹೆಚ್ಚುಗಾರಿಕೆಗಾಗಿ ತಹತಹಿಸುವ, ಕಲ್ಯಾಣಕ್ಕಾಗಿ ಹಂಬಲಿಸುವ ರಾಮರಾಯನ ಮನಸ್ಸಿನೊಳಗೇ ಕಾರಣವನ್ನು ಹುಡುಕುವಾಗ ಕಾರ್ನಾಡರೂ ಶೇಕ್ಸ್‌ಪಿಯರನ ಜಾಡಿನಲ್ಲೇ ನಡೆದಂತೆ ನಮಗೆ ಕಾಣುತ್ತದೆ. ದೊರೆಯ ಮನಸ್ಸು ಅಷ್ಟು ದೊಡ್ಡದಾದಾಗ ಮುದಗಲ್ಲು, ರಾಯಚೂರುಗಳ ಕೋಟೆಗಾಗಿ ತಲೆಮಾರುಗಟ್ಟಲೆ ತುಳಿಸಿಕೊಂಡ ಹೊಲಗಳು ರಂಗದಿಂದ ಹೊರಗುಳಿಯುತ್ತವೆ. ಆಮೇಲೆ ಬಂದ ಆಸಫ್‌ಜಾಹಿ ನಿಜಾಮರೂ 1724ರಿಂದ ಸ್ವತಂತ್ರವಾಗಿಯೇ ಆಳಿದರು, ಆದರೆ ನಾಣ್ಯಗಳ ಮೇಲೆ ದಿಲ್ಲಿಯ ಮೊಗಲ್ ಬಾದಶಹನ ಹೆಸರನ್ನು 1857ರ ದಂಗೆಯವರೆಗೂ ಉಳಿಸಿಕೊಂಡಿದ್ದರು.

ಆದರೆ ಈ ಸೀಮೆಯಲ್ಲಿ ರೋಮಿನ ಕತೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಯಾವ ದೊರೆಯ ಶಾಸನವೂ ಅಲ್ಲ. ಅದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ. ಪ್ರವಾದಿಯವರ ನಿಧನದ ನಂತರ, 632ರಿಂದ ಮೊದಲ ನಾಲ್ವರು ಖಲೀಫರು ಬೇರೆ ಬೇರೆ ರೀತಿಯಲ್ಲಿ ಆ ಸ್ಥಾನಕ್ಕೆ ಬಂದರು. ಸಭೆಯ ಒಪ್ಪಿಗೆ, ಹಿಂದಿನವರ ಸೂಚನೆ, ಆರು ಜನರ ಸಮಿತಿ ಹೀಗೆ. ರೀತಿ ಯಾವುದಾದರೂ ತಂದೆಯಿಂದ ಮಗನಿಗೆ ಎಂಬುದು ಅದರಲ್ಲಿರಲಿಲ್ಲ. 680ರಲ್ಲಿ ಹಜ್ರತ್ ಮುಆವಿಯಾ ಅವರ ನಂತರ ಮಗ ಯಜೀದ್ ಅಧಿಕಾರಕ್ಕೆ ಬಂದಾಗ ಅದು ಬದಲಾಯಿತು. ಇಲ್ಲಿಯೂ ಹಳೆಯ ಪದಗಳು ಹಾಗೆಯೇ ಇದ್ದವು. ಖಲೀಫ ಎಂಬ ಪದವಿ ಇತ್ತು. ಜನ ಕೈ ಕೊಟ್ಟು ಒಪ್ಪಿಗೆ ಸೂಚಿಸುವ ಬೈಅತ್ ಕೂಡ ಇತ್ತು. ಒಪ್ಪದಿರುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. ಇಮಾಮ್ ಹುಸೈನರು ಒಪ್ಪಲಿಲ್ಲ. ಹಿಜರಿ 61ರ ಮೊಹರಂ 10ರಂದು ಕರ್ಬಲಾದಲ್ಲಿ ಹತರಾದರು. ಖಿಲಾಫತ್ ರಾಜಪ್ರಭುತ್ವವಾದ ಬಗೆಯನ್ನು ಕುರಿತು ಮೌಲಾನಾ ಮೌದೂದಿ 1966ರಲ್ಲಿ ಬರೆದ ಉರ್ದು ಪುಸ್ತಕ ಮುಸ್ಲಿಂ ವಿದ್ವಾಂಸರಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿತು. ಆ ಜಗಳ ಇನ್ನೂ ಮುಗಿದಿಲ್ಲ.

ಮುದಗಲ್ಲಿನವರು ಅಂಥ ಪುಸ್ತಕಕ್ಕಾಗಿ ಕಾಯಲಿಲ್ಲ. ಅಲಾಯಿ ದೇವರು ಎಂದು ಹಿಂದೂಗಳೂ ಮುಸಲ್ಮಾನರೂ ಕೂಡಿ ಪಂಜಾಗಳನ್ನು ಎತ್ತುತ್ತಾರೆ, ಹರಕೆಯ ಚೊಂಗೆ ಮಾಡುತ್ತಾರೆ, ಖತಲ್ ರಾತ್ರಿಯಿಡೀ ಎಚ್ಚರವಿರುತ್ತಾರೆ. ಈ ಆಚರಣೆಯ ಧಾರ್ಮಿಕ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಅದನ್ನು ಒಪ್ಪದ ಓದುಗರು ನಮಗೆ ಬಹಳ ಜನ ಇದ್ದಾರೆಂದು ಗೊತ್ತು. ನಮ್ಮ ಆಸಕ್ತಿ ಅಲ್ಲಿ ಹಾಡುವ ಕನ್ನಡದ ರಿವಾಯತ್ ಪದಗಳಲ್ಲಿ. ನಾವು ಕೇಳಿದಷ್ಟರಲ್ಲಿ ಅವು ಬಾಯಾರಿಕೆಯನ್ನು, ಎಳೆಯ ಕಾಸಿಮರ ಮದುವೆ ಮತ್ತು ಮರಣವನ್ನು, ತಾಯಂದಿರ ಗೋಳನ್ನು ಹೇಳಿದಷ್ಟು ಬೈಅತ್ತಿನ ನಿರಾಕರಣೆಯನ್ನು ಬಿಡಿಸಿ ಹೇಳುವುದಿಲ್ಲ. ದುಃಖ ಉಳಿಯಿತು, ದುಃಖದ ಕಾರಣ ತೆಳುವಾಯಿತು ಎಂದು ನಮ್ಮ ದೂರು. ಹೀಗಿದ್ದರೂ ಅಂಕಾರಾದ ಗೋಡೆಯ ಪಕ್ಕದಲ್ಲಿಟ್ಟು ನೋಡಿದಾಗ ಈ ಪದಗಳ ತೂಕ ಬೇರೆಯೇ ಆಗಿ ಕಾಣುತ್ತದೆ. ಅಗಸ್ಟಸನ ಬರಹ ಸೋತವರ ಹೆಸರುಗಳನ್ನೇ ಅಳಿಸಿದೆ. ಇಲ್ಲಿ ಹೊಲ ಗದ್ದೆಗಳಲ್ಲಿ ದುಡಿಯುವವರು ಸೋತವರ ಹೆಸರುಗಳನ್ನು ಒಬ್ಬೊಬ್ಬರದಾಗಿ, ಮಕ್ಕಳದೂ ಸೇರಿಸಿ, ಸಾವಿರದ ಮುನ್ನೂರು ವರ್ಷಗಳ ಮೇಲೂ ಕರೆಯುತ್ತಿದ್ದಾರೆ. ಬ್ರೂಟಸನಿಗಾಗಿ ಅಳುವ ಹಳ್ಳಿ ಇಟಲಿಯಲ್ಲಿ ಇರುವ ಸುದ್ದಿ ನಮಗೆ ಬಂದಿಲ್ಲ.

ಮಸ್ಕಿಯ ಬಂಡೆಗೆ ಮರಳೋಣ. ಅಲ್ಲಿಯೂ ಒಬ್ಬ ಸಾಮ್ರಾಟ 'ನಾನು' ಎಂದು ಮಾತಾಡುತ್ತಿದ್ದಾನೆ. ಆದರೆ ಅವನು ಹೇಳುವುದು ಸಾಧನೆಯ ಪಟ್ಟಿಯನ್ನಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳು ಮೀರಿದವು, ಇತ್ತೀಚೆಗಷ್ಟೇ ಶ್ರದ್ಧೆಯಿಂದ ತೊಡಗಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಇದು ಸಾಧ್ಯ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎನ್ನುತ್ತಾನೆ. ತನ್ನ ತಡವನ್ನು ಬಂಡೆಯ ಮೇಲೆ ಬರೆಸಿದ ದೊರೆ ಅಪರೂಪ.

ಹಾಗೆಂದು ಇದನ್ನು ಮುಗ್ಧವಾಗಿ ಓದಲಾಗದು. ಕಳಿಂಗದಲ್ಲಿ ಒಂದು ಲಕ್ಷ ಜನರನ್ನು ಕೊಂದು ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದ ಬಗ್ಗೆ ಅಶೋಕ ಪಶ್ಚಾತ್ತಾಪಪಟ್ಟದ್ದು ಹದಿಮೂರನೆಯ ಬಂಡೆಶಾಸನದಲ್ಲಿ. ಅದನ್ನು ಅವನು ದೂರದ ವಾಯವ್ಯದಲ್ಲಿ ಬರೆಸಿದ, ಗುಜರಾತಿನಲ್ಲಿ ಬರೆಸಿದ. ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಆ ಶಾಸನದ ಜಾಗಕ್ಕೆ ಬೇರೆ ಮಾತುಗಳಿವೆ. ಮಸ್ಕಿಯ ಬಂಡೆಯೂ ಕಳಿಂಗವನ್ನು ಎತ್ತುವುದಿಲ್ಲ. ಅವನು ಕುಳಿತ ಮಗಧದ ಸಿಂಹಾಸನವೂ ಹಿಂದೆ ಗಣರಾಜ್ಯಗಳನ್ನು ನುಂಗಿ ಬೆಳೆದದ್ದು. ವೈಶಾಲಿಯ ವಜ್ಜಿಗಳು ಸಭೆ ಸೇರಿ, ಕೂಡಿ ನಿರ್ಧರಿಸುವವರೆಗೆ ಅವರಿಗೆ ಕೇಡಿಲ್ಲ ಎಂದು ಬುದ್ಧ ಹೇಳಿದ್ದನ್ನು ಬೌದ್ಧ ಗ್ರಂಥಗಳು ನೆನೆಯುತ್ತವೆ. ಮಗಧದ ಅಜಾತಶತ್ರು ಮೊದಲು ಅವರಲ್ಲಿ ಒಡಕು ತಂದು, ಆಮೇಲೆ ದಂಡು ತಂದನೆಂದೂ ಬೌದ್ಧ ಪರಂಪರೆ ಹೇಳುತ್ತದೆ. 1950ರಲ್ಲಿ ನಾವು ನಮ್ಮನ್ನು ಗಣರಾಜ್ಯವೆಂದು ಕರೆದುಕೊಂಡಾಗ ಬಳಸಿದ 'ಗಣ' ಅಂಥ ಸಭೆಗಳ ಪದ. ಅದೇ ಗಣರಾಜ್ಯದ ಲಾಂಛನಕ್ಕೆ ಅಶೋಕನ ಸಿಂಹಗಳನ್ನು ಆರಿಸಿಕೊಂಡೆವು. ಎರಡೂ ಒಂದೇ ಮುದ್ರೆಯಲ್ಲಿವೆ.

ಅಗಸ್ಟಸ್ ಸತ್ತ ವರ್ಷವೇ ಟೈಬೀರಿಯಸ್ ಅಧಿಕಾರಿಗಳ ಆಯ್ಕ��ಯನ್ನು ಜನರ ಮತದಾನದಿಂದ ಸೆನೆಟಿಗೆ ವರ್ಗಾಯಿಸಿದ. ಜನ ಸ್ವಲ್ಪ ಗೊಣಗಿ ಸುಮ್ಮನಾದರೆಂದು ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಗಣರಾಜ್ಯವನ್ನು ಕಣ್ಣಾರೆ ಕಂಡವರು ಆಗ ಎಷ್ಟು ಜನ ಉಳಿದಿದ್ದರು ಎಂಬ ಅರ್ಥದ ಪ್ರಶ್ನೆಯನ್ನೂ ಅವನೇ ಎತ್ತುತ್ತಾನೆ. ಲೆಕ್ಕ ಹಾಕಿದರೆ, ಆಕ್ಟಿಯಂ ಯುದ್ಧದ ವರ್ಷ ಹುಟ್ಟಿದ ಮಗುವಿಗೆ ಆಗ ನಲವತ್ತನಾಲ್ಕು ವರ್ಷ. ಅವನು ಸೆನೆಟ್ ಕಂಡಿದ್ದ, ಕಾನ್ಸಲ್‌ಗಳನ್ನು ಕಂಡಿದ್ದ, ಮತಪೆಟ್ಟಿಗೆಯನ್ನೂ ಕಂಡಿದ್ದ. ಕಳೆದುಹೋದದ್ದು ಏನೆಂದು ಅವನಿಗೆ ತೋರಿಸಿ ಹೇಳುವುದಾದರೂ ಹೇಗೆ?

ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ಬಂದ ತುರ್ತುಪರಿಸ್ಥಿತಿಯಲ್ಲಿ ಸಂವಿಧಾನವನ್ನು ಯಾರೂ ರದ್ದು ಮಾಡಲಿಲ್ಲ. ಸಂಸತ್ತು ಕೂಡುತ್ತಲೇ ಇತ್ತು, ತನ್ನ ಅವಧಿಯನ್ನು ತಾನೇ ವಿಸ್ತರಿಸಿಕೊಂಡಿತು. ಅದು ದೊಡ್ಡ ಸಂಗತಿ, ಎಲ್ಲರಿಗೂ ನೆನಪಿದೆ. ನೆನಪಾಗದ ಸಣ್ಣ ಸಂಗತಿಯೊಂದು ಇದೆ. 2016ರಲ್ಲಿ ಚುನಾಯಿತರಾದ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಪಂಚಾಯಿತಿ ಕಚೇರಿಗಳ ಬೋರ್ಡುಗಳನ್ನು ಯಾರೂ ತೆಗೆಯಲಿಲ್ಲ. ಒಳಗೆ ಸದಸ್ಯರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕುಳಿತಿದ್ದರು. 2021ರಲ್ಲಿ ಹದಿನೆಂಟು ತುಂಬಿದ ಹಟ್ಟಿಯ ಹುಡುಗಿ 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಮತ ಹಾಕಿದಳು. ತನ್ನ ತಾಲ್ಲೂಕು ಪಂಚಾಯಿತಿಗೆ ಸದಸ್ಯರೆಂಬುವವರು ಇರುತ್ತಿದ್ದರು ಎಂಬುದನ್ನು ಅವಳು ಅಪ್ಪನಿಂದ ಕೇಳಿ ತಿಳಿಯಬೇಕಾಗಿತ್ತು.